ಮರದ ಮೇಲಿನವನು, ಗಾಡಿಯ ಕೆಳಗಿನವರು

ಮರ ನೆಟ್ಟವರನ್ನು ಲೋಕ ನೆನೆಯುತ್ತದೆ. ಅಶೋಕ ಚಕ್ರವರ್ತಿ ಸಾಲುಮರಗಳನ್ನು ನೆಡಿಸಿದನೆಂದು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿಯೇ ಬಾಯಿಪಾಠ ಮಾಡಿದ್ದೇವೆ. ಹುಲಿಕಲ್ಲು–ಕುದೂರುಗಳ ನಡುವಿನ ದಾರಿಯಲ್ಲಿ ಆಲದ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದ ತಿಮ್ಮಕ್ಕನವರಿಗೆ ‘ಸಾಲುಮರದ’ ಎಂಬುದೇ ಮನೆತನದ ಹೆಸರಾಯಿತು. 2019ರಲ್ಲಿ ಪದ್ಮಶ್ರೀಯೂ ಬಂದಿತು. ತಕ್ಕ ಗೌರವವೇ. ಆದರೆ ನೆಟ್ಟ ಮರ ಬೆಳೆದು, ತಂತಿಗೆ ತಾಗಿ, ನಮ್ಮ ನಿಮ್ಮ ಬಾಲ್ಕನಿಯೊಳಗೆ ಕೈಚಾಚಿ, ಮಳೆಗಾಲದಲ್ಲಿ ಮುರಿದು ಬೀಳುವ ಹವಣಿಕೆಯಲ್ಲಿದ್ದಾಗ, ಅದರ ಕ್ಷೌರಕ್ಕೆಂದು ಮೇಲೇರುವವನ ಹೆಸರನ್ನು ಯಾರೂ ಕೇಳುವುದಿಲ್ಲ. ಅವನನ್ನು ಏರಿಸುವ ಗಾಡಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಗ್ರೀಸು ತುಂಬುವ ನಮ್ಮಂಥವರ ಮಾತಂತೂ ದೂರವೇ ಉಳಿಯಿತು. ಯಾರೂ ಬರೆಯದಿದ್ದ ಮೇಲೆ ನಾವೇ ನಾಲ್ಕು ಮಾತು ಬರೆದರೆ ತಪ್ಪಿಲ್ಲವೆಂದು ಈ ಸಾಹಸಕ್ಕೆ ಇಳಿದಿದ್ದೇವೆ.

ನಾವೆಂದರೆ ಮೂವರು ಅಣ್ಣತಮ್ಮಂದಿರು. ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಯ ಒಂದು ಮೂಲೆಯಲ್ಲಿ ತಗಡಿನ ಮಾಡು ಹಾಕಿಕೊಂಡು ಭಾರಿ ಗಾಡಿಗಳ ರಿಪೇರಿ ಮಾಡುತ್ತೇವೆ. ನಮ್ಮ ತಂದೆಯವರು ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವರು. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ ಒಪ್ಪಂದ ಮಾಡಿಕೊಂಡು ಲಾರಿ ಕಟ್ಟಲಾರಂಭಿಸಿದಾಗಿನ ಗಾಡಿಗಳೇ ಅವರ ಪಾಠಶಾಲೆ. 1969ರಲ್ಲಿ ಒಪ್ಪಂದ ಮುಗಿದು, ಗಾಡಿಯ ಮೂಗಿನ ಮೇಲಿನ ನಕ್ಷತ್ರ ಹೋದರೂ, ತಂದೆಯವರ ಬಾಯಲ್ಲಿ ಅದು ಕೊನೆಯವರೆಗೂ ‘ಬೆಂಜ್ ಗಾಡಿ’ಯೇ. 1966ರಲ್ಲಿ ಪಿಂಪ್ರಿಯಲ್ಲಿ ಟೆಲ್ಕೋ—2003ರ ಮೇಲೆ ಟಾಟಾ ಮೋಟರ್ಸ್ ಎನ್ನಿಸಿಕೊಂಡದ್ದು—ಬೇರೂರಿದ ಮೇಲೆ, “ಗಾಡಿ ಹುಟ್ಟೋ ಊರಾಗ ಗಾಡಿ ವೈದ್ಯಗ ಬರ ಇಲ್ಲ” ಎಂದು ಅವರು ಪುಣೆಗೆ ಬಂದರು. ಅವರ ಜೊತೆಗೆ ಒಂದು ಪಾನಾ ಪೆಟ್ಟಿಗೆಯೂ ನಮ್ಮ ತಾಯಿಯ ರೊಟ್ಟಿಯ ಹಂಚೂ ಬಂದವು. ಎರಡೂ ಇಂದಿಗೂ ಬಳಕೆಯಲ್ಲಿವೆ.

ನಮ್ಮಲ್ಲಿಗೆ ಸಾಮಾನು ಸಾಗಿಸುವ ಲಾರಿಗಳೇ ಹೆಚ್ಚು. ಅವುಗಳ ನಡುವೆ ಮರ ಸವರುವ ಗುತ್ತಿಗೆದಾರರ ಗಾಡಿಗಳೂ ಬರುತ್ತವೆ: ಕಡಿದ ಟೊಂಗೆ ಹೊರುವ ಟಿಪ್ಪರುಗಳು ಮತ್ತು ಬೆನ್ನ ಮೇಲೆ ಉದ್ದನೆಯ ಕಬ್ಬಿಣದ ತೋಳು ಹೊತ್ತ ಗಾಡಿಗಳು. ಆ ತೋಳಿನ ತುದಿಗೆ ಒಬ್ಬಿಬ್ಬರು ನಿಲ್ಲುವಷ್ಟು ಕಟಕಟೆ. ಹುಡುಗರು ಅದನ್ನು ‘ತೊಟ್ಟಿಲು’ ಎನ್ನುತ್ತಾರೆ. ತೊಟ್ಟಿಲು ತೂಗುವುದು ಮನೆಯಲ್ಲಿ ಒಳ್ಳೆಯದು; ಮೂರನೆಯ ಮಾಳಿಗೆಯ ಎತ್ತರದಲ್ಲಿ ಒಳ್ಳೆಯದಲ್ಲ.

ಈ ಗಾಡಿಗಳ ಜಾತಕವೇ ಬೇರೆ. ಪುಣೆ–ಬೆಂಗಳೂರು ರಸ್ತೆಯ ಲಾರಿ ರಾತ್ರಿ ಬೆಳಗಾಗುವುದರೊಳಗೆ ನೂರಾರು ಕಿಲೋಮೀಟರು ಓಡುತ್ತದೆ. ಮರದ ಗಾಡಿ ಐದಾರು ಕಿಲೋಮೀಟರು ಹೋಗಿ ಒಂದು ಮರದ ಬುಡದಲ್ಲಿ ದಿನವಿಡೀ ನಿಲ್ಲುತ್ತದೆ. ನಿಂತಿದ್ದರೂ ಅದರ ಎಂಜಿನ್ನಿಗೆ ವಿಶ್ರಾಂತಿಯಿಲ್ಲ. ಗೇರ್‌ಬಾಕ್ಸಿನ ಪಕ್ಕದಿಂದ ಶಕ್ತಿ ಎಳೆದು ಪಂಪು ತಿರುಗಬೇಕು, ಪಂಪು ಎಣ್ಣೆಯನ್ನು ಒತ್ತಬೇಕು, ಆ ಒತ್ತಡದಿಂದ ತೋಳು ಏಳಬೇಕು. ಆದ್ದರಿಂದ ಕಿಲೋಮೀಟರು ಮೀಟರನ್ನು ನಂಬಿ ಎಣ್ಣೆ ಬದಲಿಸುವವನು ಎಂಜಿನ್ನನ್ನು ಕೊಲ್ಲುತ್ತಾನೆ. ಇದರ ಆಯುಷ್ಯವನ್ನು ಗಂಟೆಗಳಲ್ಲಿ ಎಣಿಸಬೇಕು. ಮೇಲಿಂದ ಸುರಿಯುವ ಗರಗಸದ ಪುಡಿ ಮತ್ತು ಎಲೆಚೂರು ರೇಡಿಯೇಟರಿನ ಸಂದುಗಳಲ್ಲಿ ಕೂತು ಉಸಿರು ಕಟ್ಟಿಸುತ್ತವೆ. ಅದನ್ನು ವಾರಕ್ಕೊಮ್ಮೆ ಒಳಗಿನಿಂದ ಹೊರಗೆ ಗಾಳಿ ಊದಿ ತೆಗೆಯಬೇಕು. ಇನ್ನು ಟಿಪ್ಪರಿನ ಕಥೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ಬರೀ ನೀರೇ ಇರಬಹುದು. ಒಣ ಕಟ್ಟಿಗೆಯ ಲೆಕ್ಕದಲ್ಲಿ ಹಸಿ ಬೊಡ್ಡೆ ಹೇರಿದರೆ ಕಮಾನು ಪಟ್ಟಿ ಮುರಿಯುತ್ತದೆ, ಇಳಿಜಾರಿನಲ್ಲಿ ಬ್ರೇಕು ಕೈಕೊಡುತ್ತದೆ. ಮಳೆಗಾಲದಲ್ಲಿ ಬ್ರೇಕಿನ ಗಾಳಿ ಟ್ಯಾಂಕಿಯೊಳಗೆ ನೀರು ಕೂಡಿಕೊಳ್ಳುವುದರಿಂದ ದಿನವೂ ಅದನ್ನು ಬಿಡಬೇಕು. ಇವೆಲ್ಲ ಐದು ಹತ್ತು ನಿಮಿಷದ ಕೆಲಸಗಳು. ಆ ಐದು ಹತ್ತು ನಿಮಿಷ ಯಾರಿಗೂ ಸಿಗುವುದಿಲ್ಲ ಎಂಬುದೇ ನಮ್ಮ ಉದ್ಯೋಗದ ಬಂಡವಾಳ!

ತೋಳಿನ ವಿಷಯದಲ್ಲಿ ಮಾತ್ರ ನಗೆಯಾಡಲು ಬರುವುದಿಲ್ಲ. ಒತ್ತಡದ ಪೈಪು ಒಡೆದರೂ ತೋಳು ಕುಸಿಯದಂತೆ ಹಿಡಿದಿಡಲು ಸಿಲಿಂಡರಿನ ಮೈಗೇ ಒಂದು ಲಾಕ್ ವಾಲ್ವು ಇರುತ್ತದೆ. ಅದು ಜೀವಂತವಾಗಿದೆಯೋ ಇಲ್ಲವೋ ನೋಡಲು ನಮ್ಮಲ್ಲಿ ಒಂದು ಹಳೆಯ ಪದ್ಧತಿಯಿದೆ. ಖಾಲಿ ತೊಟ್ಟಿಲನ್ನು ಮೇಲೆತ್ತಿ, ಎಂಜಿನ್ ನಿಲ್ಲಿಸಿ, ಸಿಲಿಂಡರಿನ ಕೋಲಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಚಹಾ ಕುಡಿಯಲು ಹೋಗುತ್ತೇವೆ. ಬಂದು ನೋಡಿದಾಗ ಗುರುತು ಇದ್ದಲ್ಲಿಯೇ ಇರಬೇಕು. ಸರಿದಿದ್ದರೆ ಒಳಗೆಲ್ಲೋ ಎಣ್ಣೆ ನುಸುಳುತ್ತಿದೆ ಎಂದರ್ಥ. ಪೈಪಿನ ಸೋರಿಕೆಯನ್ನು ಎಂದೂ ಕೈಯಿಂದ ತಡವಿ ಹುಡುಕಬಾರದು; ಸೂಜಿಯ ಮೊನೆಯಷ್ಟು ತೂತಿನಿಂದ ಹಾರುವ ಎಣ್ಣೆ ಚರ್ಮವನ್ನು ತೂರಿ ಒಳಹೊಕ್ಕರೆ ಕೈಯನ್ನೇ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ. ಒಂದು ರಟ್ಟಿನ ತುಂಡು ಹಿಡಿದರೆ ಸಾಕು, ಅದರ ಮೇಲೆ ಕಲೆ ಬೀಳುತ್ತದೆ. ಗಾಡಿ ಊರುವ ನಾಲ್ಕು ಕಾಲುಗಳ ಕೆಳಗೆ ದಪ್ಪ ಹಲಗೆ ಇಡಬೇಕು. ನೆನೆದ ನೆಲದಲ್ಲಿ ಒಂದು ಕಾಲು ಗೇಣಷ್ಟು ಹೂತರೆ, ಮೇಲೆ ತೊಟ್ಟಿಲು ಮಾರುಗಟ್ಟಲೆ ವಾಲುತ್ತದೆ.

ಪುಣೆಯಲ್ಲಿ ಇಷ್ಟೆಲ್ಲ ಏಕೆ ಬೇಕು ಎಂದು ಕೇಳುವವರು ಮೇ ತಿಂಗಳ ಕೊನೆಗೆ ಒಮ್ಮೆ ಹಳೆಯ ಬಡಾವಣೆಗಳಲ್ಲಿ ತಿರುಗಾಡಬೇಕು. ನಮ್ಮ ನೆತ್ತಿಗೆ ನೆರಳು ಕೊಡುವ ಮರಗಳಲ್ಲಿ ಬಹಳಷ್ಟು ನಮ್ಮಂತೆಯೇ ವಲಸೆ ಬಂದವು. ಗುಲ್‌ಮೊಹರ್ ಮಡಗಾಸ್ಕರದ್ದು, ಮಳೆಮರ ಅಮೆರಿಕದ ಉಷ್ಣವಲಯದ್ದು. ಬಂದ ನೆಲವನ್ನು ತಮ್ಮದೆಂದೇ ತಿಳಿದು ಚೆನ್ನಾಗಿ ಹರಡಿಕೊಂಡಿವೆ. ಆದರೆ ಗುಲ್‌ಮೊಹರಿನ ಕಟ್ಟಿಗೆ ಪೆಡಸು. ಮಳೆಮರದ ಟೊಂಗೆಗಳೋ ಬಲು ಉದ್ದ. ರೋಹಿಣಿ ಮಳೆಯ ಗಾಳಿ ಬೀಸಿತೆಂದರೆ ಎಲ್ಲಿಯೋ ಒಂದು ಕಾರಿನ ಮೇಲೆ, ರಿಕ್ಷಾದ ಮೇಲೆ ಟೊಂಗೆ ಬಿತ್ತೆಂಬ ಸುದ್ದಿ ಬಂದೇ ಬರುತ್ತದೆ. ಬಿದ್ದ ಮೇಲೆ ಅಗ್ನಿಶಾಮಕ ದಳದವರು ಬರುತ್ತಾರೆ. ಬೀಳುವ ಮುನ್ನ ಬರಬೇಕಾದದ್ದು ತೋಳಿನ ಗಾಡಿ. ಮನಬಂದಂತೆ ಮರ ಕಡಿಯದಂತೆ ಮಹಾರಾಷ್ಟ್ರದ ನಗರಗಳಿಗೆ 1975ರಿಂದ ಒಂದು ಕಾನೂನಿದೆ. 2021ರ ತಿದ್ದುಪಡಿಯ ನಂತರ ಐವತ್ತು ವರ್ಷ ದಾಟಿದ ಮರಗಳಿಗೆ ಪಾರಂಪರಿಕ ವೃಕ್ಷವೆಂಬ ಮನ್ನಣೆಯೂ ಸಿಕ್ಕಿದೆ. ಆದರೆ ಕಾನೂನಿನ ಕಾಗದ ಮರ ಏರಲಾರದು. ಮನುಷ್ಯನೇ ಏರಬೇಕು.

ಟೊಂಗೆ ಕಡಿಯುವುದಕ್ಕೂ ಒಂದು ಶಾಸ್ತ್ರವಿದೆ. ಮೊದಲು ಟೊಂಗೆಯ ಕೆಳಮೈಗೆ ಸ್ವಲ್ಪ ಕೊಯ್ದು, ಆಮೇಲೆ ಅದಕ್ಕಿಂತ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕಡೆಗೆ ಕಾಂಡದ ಉಬ್ಬಿನ ಹೊರಗೆ ಒಪ್ಪವಾಗಿ ಉಳಿದದ್ದನ್ನು ತೆಗೆಯಬೇಕು. ಹಾಗೆ ಮಾಡಿದರೆ ತೊಗಟೆ ಸುಲಿಯುವುದಿಲ್ಲ, ಗಾಯ ಮಾಯುತ್ತದೆ. ತೊಟ್ಟಿಲು ನಡುಗುತ್ತಿದ್ದರೆ ಈ ಮೂರು ಕೊಯ್ತ ಯಾರಿಂದ ಸಾಧ್ಯ? ಅಂಜಿದ ಕೈ ಸಿಕ್ಕಲ್ಲಿ ಕೊಚ್ಚಿ ಕೆಳಗಿಳಿಯುತ್ತದೆ. ಗಾಡಿ ನೆಟ್ಟಗಿದ್ದರೆ ಕೈ ನೆಟ್ಟಗೆ, ಕೈ ನೆಟ್ಟಗಿದ್ದರೆ ಮರಕ್ಕೆ ಆಯುಷ್ಯ. ನಮ್ಮ ಗ್ರೀಸಿಗೂ ಮರದ ಚಿಗುರಿಗೂ ಇರುವ ಸಂಬಂಧ ಇಷ್ಟು.

ಕೆಲವು ವರ್ಷಗಳ ಹಿಂದಿನ ಮಾತು. ಮೇ ತಿಂಗಳು ಮುಗಿಯುತ್ತ ಬಂದಿತ್ತು. ಗುತ್ತಿಗೆದಾರರೊಬ್ಬರು ತೋಳಿನ ಗಾಡಿಯನ್ನು ಬರೀ ಎಣ್ಣೆ ಬದಲಿಸಲು ಕಳಿಸಿದರು. ಜೊತೆಗೆ ಬಂದ ಹುಡುಗ ಇಂಡಿ ತಾಲೂಕಿನವನು. ತೊಟ್ಟಿಲಲ್ಲಿ ನಿಂತು ಗರಗಸ ಹಿಡಿಯುವವನು ಅವನೇ. ನಾವು ಕನ್ನಡದವರೆಂದು ತಿಳಿದೊಡನೆ ಹತ್ತಿರ ಬಂದು ಮೆಲ್ಲಗೆ, “ಯಣ್ಣಾ, ಮ್ಯಾಲ ಹ್ವಾದಾಗ ಮೊಣಕೈ ಹತ್ರ ಟಕ್ ಅಂತ ಸಪ್ಪಳಾ ಬರತೈತ್ರಿ. ಒಮ್ಮಿ ನೋಡ್ರಿ” ಎಂದ. ತೋಳು ಮಡಚುವ ಜಾಗದಲ್ಲಿ ಬಣ್ಣ ಕೂದಲೆಳೆಯಷ್ಟು ಬಿರಿದು ತುಕ್ಕಿನ ಗೆರೆ ಇಳಿದಿತ್ತು. ಸೀಮೆಎಣ್ಣೆ ಹಚ್ಚಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದೆವು. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕಪ್ಪು ಗೆರೆ ಎದ್ದಿತು. ಬೆಸುಗೆ ಸೀಳಿತ್ತು.

ಗುತ್ತಿಗೆದಾರರನ್ನು ಕರೆಸಿ ತೋರಿಸಿದೆವು. ನಾಲ್ಕು ದಿನದ ಕೆಲಸವೆಂದೆವು. ಅವರಿಗೆ ಮಳೆಗೆ ಮುಂಚೆ ಮುಗಿಸಬೇಕಾದ ಮರಗಳ ಪಟ್ಟಿ ತಲೆಯ ಮೇಲಿತ್ತು. “ಚಾಲ್ತಂಯ್ ಹೋ, ದೋನ್ ಆಠವಡೇ ಚಾಲೇಲ್” ಎಂದರು. ಎರಡು ವಾರ ನಡೆಯುತ್ತದಂತೆ! ಕಬ್ಬಿಣಕ್ಕೆ ಪಂಚಾಂಗ ಗೊತ್ತಿದ್ದರೆ ಒಪ್ಪಬಹುದಿತ್ತು. ಗಾಡಿ ಅವರದು, ಕೀಲಿಕೈ ಅವರದು. ಹಿಡಿದಿಡುವ ಅಧಿಕಾರ ನಮಗಿಲ್ಲ. ‘ಈ ತೋಳಿನಲ್ಲಿ ಮನುಷ್ಯರನ್ನು ಏರಿಸಬಾರದು’ ಎಂದು ಬಿಲ್ಲಿನ ಮೇಲೆ ಮರಾಠಿಯಲ್ಲಿ ಬರೆದು ಅವರ ಸಹಿ ಕೇಳಿದೆವು. ಅವರು ಬಿಲ್ಲನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಗ ನಮ್ಮಲ್ಲಿ ಕಿರಿಯವನು ಕೆಂಪು ಬಣ್ಣದ ಡಬ್ಬಿ ತಂದು, ತೊಟ್ಟಿಲ ಬಾಗಿಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದ: ‘ಇದರಾಗ ಹತ್ತಬ್ಯಾಡ್ರಿ. ತೋಳು ಸೀಳೈತಿ.’ ಗುತ್ತಿಗೆದಾರರು ಅದನ್ನು ಏನೆಂದುಕೊಂಡರೋ, ಸುಮ್ಮನೆ ಗಾಡಿ ಏರಿ ಹೊರಟರು.

ಆ ಹುಡುಗ ಊರ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಓದಿದ್ದ. ಅದು ಸಾಕಾಯಿತು. ಮರುದಿನ ಅವನು ಹತ್ತಲಿಲ್ಲ. ಅವನು ಹತ್ತದ್ದನ್ನು ನೋಡಿ ಉಳಿದವರೂ ಹತ್ತಲಿಲ್ಲ. ಮೂರನೆಯ ದಿನ ಗಾಡಿ ತಿರುಗಿ ನಮ್ಮ ಬಾಗಿಲಿಗೆ ಬಂತು. ಬೆಸುಗೆಯನ್ನು ಉಜ್ಜಿ ತೆಗೆದಾಗ ಹೊರಗೆ ಎರಡು ಬೆರಳು ಕಾಣುತ್ತಿದ್ದ ಸೀಳು ಒಳಗೆ ತೋಳಿನ ಅರ್ಧ ಸುತ್ತು ಓಡಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವೇ ಹೊರತು ಮಾತಾಡಲಿಲ್ಲ. ಕೆಲಸ ಮುಗಿಸಿ, ಸೀಮೆಸುಣ್ಣದ ಪರೀಕ್ಷೆ ಮಾಡಿ, ತೊಟ್ಟಿಲಿನಲ್ಲಿ ಮೊದಲು ನಾವೇ ಏರಿ ಇಳಿದು ಗಾಡಿ ಕೊಟ್ಟೆವು. ಆ ಬಿಲ್ಲಿನ ಕೊನೆಯ ಕಂತು ಇಂದಿಗೂ ಬಾಕಿ. ಆ ಗಿರಾಕಿ ಮತ್ತೆ ನಮ್ಮ ಕಡೆ ತಿರುಗಿ ನೋಡಲಿಲ್ಲ.

ನಮ್ಮ ನಷ್ಟ ದೊಡ್ಡದಲ್ಲ. ಹುಡುಗನ ಎರಡು ದಿನದ ಪಗಾರ ಕಡಿತವಾಯಿತು. ಅದನ್ನು ನಾವು ಕೊಡಹೋದರೆ ಅವನು ತೆಗೆದುಕೊಳ್ಳಲಿಲ್ಲ. “ರೊಕ್ಕ ಬ್ಯಾಡ್ರಿ ಯಣ್ಣಾ. ನಮ್ಮ ಕಾಕಾನ ಮಗಾ ಇನ್ನೊಂದ ಗಾಡಿ ಮ್ಯಾಲ ಅದಾನ. ಅದನ್ನೂ ಒಮ್ಮಿ ನೋಡಿ ಬರ್ರಿ” ಎಂದ. ಒಂದು ಭಾನುವಾರ ಹೋಗಿ ನೋಡಿ ಬಂದೆವು. ಪಿನ್ನುಗಳಿಗೆ ಗ್ರೀಸು ಬಿಟ್ಟರೆ ಬೇರೆ ದೋಷವಿರಲಿಲ್ಲ. ಅಂದಿನಿಂದ ನಮ್ಮಲ್ಲಿಗೆ ಬರುವ ಪ್ರತಿಯೊಂದು ತೋಳಿನ ಗಾಡಿಯ ಕ್ಯಾಬಿನ್ನಿನಲ್ಲಿ, ಬೆಳಿಗ್ಗೆ ಏರುವ ಮುನ್ನ ನೋಡಬೇಕಾದ ಆರು ಸಂಗತಿಗಳನ್ನು ಮರಾಠಿ ಮತ್ತು ಕನ್ನಡದಲ್ಲಿ ಬರೆದ ಹಲಗೆ ತೂಗುಹಾಕುತ್ತೇವೆ: ಕಾಲಿನ ಕೆಳಗೆ ಹಲಗೆ, ಪೈಪಿನ ಸೋರಿಕೆ, ಪಿನ್ನು, ಬೆಸುಗೆಯ ಗೆರೆ, ಚಕ್ರದ ನಟ್ಟು, ತಲೆಯ ಮೇಲಿನ ವಿದ್ಯುತ್ ತಂತಿ. ಅದಕ್ಕೆ ಬಿಲ್ಲು ಹಾಕುವುದಿಲ್ಲ.

ಸಂಘದ ಸಭೆಗಳಲ್ಲಿ, ಪುಣೆಯಲ್ಲಿದ್ದು ಮಕ್ಕಳಿಗೆ ಕನ್ನಡ ಓದಲು ಬರೆಯಲು ಕಲಿಸಿ ಏನು ಪ್ರಯೋಜನ ಎಂಬ ಚರ್ಚೆ ಆಗಾಗ ನಡೆಯುತ್ತದೆ. ದೊಡ್ಡವರು ಸಂಸ್ಕೃತಿ, ಪರಂಪರೆ ಎಂದು ದೊಡ್ಡ ಉತ್ತರ ಕೊಡುತ್ತಾರೆ. ನಮಗೆ ಗೊತ್ತಿರುವುದು ಒಂದು ಸಣ್ಣ ಉತ್ತರ. ಬರೆಯಲು ಬಂದವನೊಬ್ಬ, ಓದಲು ಬಂದವನೊಬ್ಬ ಇದ್ದುದರಿಂದ ಒಂದು ಜೀವ ನೆಲದ ಮೇಲೆ ಉಳಿಯಿತು.

ಆದ್ದರಿಂದ ಓದುಗ ಬಂಧುಗಳಲ್ಲಿ ಒಂದು ಬಿನ್ನಹ. ಮಳೆಗೆ ಮುಂಚೆ ನಿಮ್ಮ ಸೊಸೈಟಿಯ ಮುಂದೆ ತೋಳಿನ ಗಾಡಿ ಬಂದು ನಿಂತರೆ, ದಯವಿಟ್ಟು ನಿಮ್ಮ ಕಾರು ಸ್ಕೂಟರುಗಳನ್ನು ತೆಗೆದು, ಅದಕ್ಕೆ ಕಾಲೂರಲು ಗಟ್ಟಿ ನೆಲ ಬಿಟ್ಟುಕೊಡಿ. ಹಲಗೆ ಇಡುತ್ತ, ಪೈಪು ನೋಡುತ್ತ ಅವರು ಕಳೆಯುವ ಕಾಲು ಗಂಟೆಯನ್ನು ಸೋಮಾರಿತನವೆನ್ನಬೇಡಿ. ತಂತಿ ಹತ್ತಿರವಿದ್ದರೆ ವಿದ್ಯುತ್ತು ನಿಲ್ಲಿಸುವವರೆಗೆ ಕಾಯಿರಿ. ಒಂದು ದಿನ ಮಿಕ್ಸರು ತಿರುಗದಿದ್ದರೆ ಚಟ್ನಿಯನ್ನು ಕಲ್ಲಿನಲ್ಲಿ ಅರೆಯಬಹುದು. ತೊಟ್ಟಿಲು ನಿಮ್ಮ ಬಾಲ್ಕನಿಯ ಮಟ್ಟಕ್ಕೆ ಬಂದಾಗ ಅದರಲ್ಲಿರುವವನಿಗೆ ಒಂದು ತಂಬಿಗೆ ನೀರು ಕೊಟ್ಟು, “ಯಾವೂರಪ್ಪಾ ನಿಂದು?” ಎಂದು ಕನ್ನಡದಲ್ಲಿ ಕೇಳಿ ನೋಡಿ. ಇಂಡಿಯೋ, ಸಿಂದಗಿಯೋ, ಆಳಂದವೋ, ನಮ್ಮ ಕಡೆಯ ಊರೊಂದರ ಹೆಸರು ಬಂದರೂ ಬರಬಹುದು.