ಬಸ್ಸು ತಪ್ಪದವರ ಓಟ

ಹೊಸೂರಿನಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ರಸ್ತೆಯಲ್ಲಿ ಸಿಗುವವರು ಹೆಚ್ಚುಕಡಿಮೆ ಮೂರು ಬಗೆ. ಗುಲಾಬಿ, ಚೆಂಡುಹೂವಿನ ಮೂಟೆ ಹೇರಿಕೊಂಡು ಮಾರುಕಟ್ಟೆಗೆ ಹೊರಟವರು ಒಂದು. ಕಂಪನಿ ಬಸ್ಸಿಗೆ ಕಾಯುತ್ತ ಆಕಳಿಸುವ ಫಸ್ಟ್ ಶಿಫ್ಟಿನವರು ಇನ್ನೊಂದು. ಇವರಿಬ್ಬರೂ ಯಾಕೆ ಎದ್ದಿದ್ದಾರೆಂದು ಯಾರೂ ಕೇಳುವುದಿಲ್ಲ. ಮೂರನೆಯವರು ಮಾತ್ರ ವಿಚಿತ್ರ: ಮೊಣಕಾಲಿನ ಮೇಲಿನ ಚಡ್ಡಿ, ದೀಪ ಬಿದ್ದರೆ ಮಿನುಗುವ ಪಟ್ಟಿಯ ಬನಿಯನ್ನು, ಬುಸುಬುಸು ಉಸಿರು. ಎಲ್ಲಿಗೋ ತುರ್ತಾಗಿ ಹೋಗುವವರಂತೆ ಓಡಿ, ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತಾರೆ. ಬಾಗಲೂರು ರಸ್ತೆಯ ಟೀ ಅಂಗಡಿಯಾತ ಬಹಳ ದಿನ ಇದನ್ನು ನೋಡಿ, ಕೊನೆಗೊಮ್ಮೆ ತಡೆಯಲಾರದೆ ಒಬ್ಬನನ್ನು ಕೇಳಿಯೇಬಿಟ್ಟ: "ಏನಣ್ಣಾ, ದಿನಾಲೂ ಬಸ್ಸು ತಪ್ಪೋಗ್ತದಾ ನಿಂಗೆ?"

ಆ ಒಬ್ಬ ಈ ಲೇಖಕನೇ. ಸಿಪ್‌ಕಾಟಿನ ಕೈಗಾರಿಕಾ ಪ್ರದೇಶದ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಶಿಫ್ಟು ಬದಲಿಸಿ ಬದಲಿಸಿ ನಿದ್ದೆಯ ಲೆಕ್ಕ ಕೆಡಿಸಿಕೊಂಡವನು. ಜನರಲ್ ಶಿಫ್ಟಿಗೆ ಬಂದ ಮೇಲೂ ನಾಲ್ಕಕ್ಕೆ ಕಣ್ಣು ಬಿಡುವ ಚಾಳಿ ಹೋಗಲಿಲ್ಲ. ಮಲಗಿ ಸೂರು ನೋಡುವ ಬದಲು ಎದ್ದು ಮತ್ತಿಗಿರಿಯ ಕಡೆ ನಡೆದ. ನಡೆದು ಬೇಸರವಾಗಿ ಓಡಿದ. ಓಡುವವನನ್ನು ಕಂಡು ಇನ್ನೊಬ್ಬ ಓಡುವವ ಮಾತಾಡಿಸಿದ, ವಾಟ್ಸಾಪ್ ಗುಂಪಿಗೆ ಸೇರಿಸಿದ; ಅಲ್ಲಿಗೆ ಕತೆ ಮುಗಿಯಿತು. ಆ ಗುಂಪಿನಲ್ಲಿ ಬ್ಯಾಂಕಿನವರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವವರಿದ್ದಾರೆ. ಕನ್ನಡ, ತಮಿಳು, ತೆಲುಗು ಮೂರೂ ಅಲ್ಲಿ ಒಂದೇ ವಾಕ್ಯದೊಳಗೆ ಓಡುತ್ತವೆ. ಲಾಂಗ್ ರನ್, ಪೇಸ್, ಕಟಾಫ್, ಪಿ.ಬಿ. ಎಂಬ ಮಾತುಗಳಿಗೆ ಮಾತ್ರ ಭಾಷೆಯ ಜಗಳವಿಲ್ಲ.

ಟೀ ಅಂಗಡಿಯಾತನ ಪ್ರಶ್ನೆಯಲ್ಲಿ ಗೇಲಿ ಇರಲಿಲ್ಲ. ಈ ಸೀಮೆಯಲ್ಲಿ ಓಟವೆಂದರೆ ಯಾರದೋ ಕೆಲಸ. ಮತ್ತಿಗಿರಿಯ ಜಾನುವಾರು ಫಾರಂ 1824ರಲ್ಲಿ ಶುರುವಾದದ್ದು ದಂಡಿಗೆ ಕುದುರೆ ಒದಗಿಸಲು. ಸಂಕ್ರಾಂತಿ ಕಳೆದ ಮೇಲೆ ಕೃಷ್ಣಗಿರಿಯ ಹಳ್ಳಿಗಳಲ್ಲಿ ಎತ್ತು ಬಿಡುವ ಹಬ್ಬವಾದರೆ ಓಡುವುದು ಎತ್ತು, ಬಹುಮಾನ ಎತ್ತಿನ ಯಜಮಾನನಿಗೆ. ಇನ್ನು ಮನುಷ್ಯ ಮೈಲಿಗಟ್ಟಲೆ ಓಡಿದ್ದರೆ ಅದು ಟಪ್ಪಾಲಿಗೆ.

ಆ ಟಪ್ಪಾಲಿನ ಕಾಲಕ್ಕೆ ಹೊಸೂರು ಮೈಸೂರಿನದು. 17ನೇ ಶತಮಾನದ ಕೊನೆಯ ಹೊತ್ತಿಗೆ ಚಿಕ್ಕದೇವರಾಜ ಒಡೆಯರು ರಾಜ್ಯದ ಉದ್ದಗಲಕ್ಕೂ ಅಂಚೆ ಹಾಕಿಸಿದರು. ಕಾಗದ ಸಾಗಿಸುವುದು ಮೇಲುನೋಟದ ಕೆಲಸ. ದಾರಿಯಲ್ಲಿ ಕಂಡದ್ದು ಕೇಳಿದ್ದನ್ನು ಗುಟ್ಟಾಗಿ ಅರಮನೆಗೆ ಮುಟ್ಟಿಸುವ ಹೊಣೆಯೂ ಅಂಚೆಯವರ ಮೇಲಿತ್ತೆಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಮೈಸೂರು ಅಂಚೆ ಬಹಳ ಕಾಲ ಬಾಳಿ, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಹೊಸೂರು ಮಾತ್ರ ಅದಕ್ಕಿಂತ ಎಷ್ಟೋ ಮುಂಚೆ ಕೈಬದಲಾಗಿತ್ತು. ಘಟ್ಟದ ಕೆಳಗಿನ ಬಾರಾಮಹಲ್ ಸೀಮೆ 1792ರಲ್ಲೇ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಟಿಪ್ಪು ಬಿದ್ದ ಮೇಲೆ 1799ರಲ್ಲಿ ಘಟ್ಟದ ಮೇಲಿನ ಹೊಸೂರೂ ಹೋಯಿತು. ಆಮೇಲೆ ಸೇಲಂ ಜಿಲ್ಲೆ, 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಒಂದು ಹೆಜ್ಜೆ ಓಡದೆ ಇಷ್ಟು ಗಡಿ ದಾಟಿದ ಊರು ಅಪರೂಪವೇ.

ಟಪ್ಪಾಲಿನವನ ವೇಷವನ್ನು ಈಗಿನವರು ಕೊಂಚ ಗಮನಿಸಬೇಕು. ಹೆಗಲ ಮೇಲೆ ಚೀಲ, ಕೈಯಲ್ಲಿ ಭರ್ಜಿಯಂಥ ಕೋಲು, ಕೋಲಿಗೆ ಗೆಜ್ಜೆ. ಗೆಜ್ಜೆಯ ಸದ್ದು ಕೇಳಿದರೆ ದಾರಿ ಬಿಡಬೇಕು, ಮುಂದಿನ ಕಟ್ಟೆಯಲ್ಲಿ ಕೂತವನು ಎದ್ದು ಸಿದ್ಧನಾಗಬೇಕು. ಒಬ್ಬನೇ ಊರಿಂದೂರಿಗೆ ಓಡುತ್ತಿರಲಿಲ್ಲ. ಕೆಲವು ಮೈಲಿಗೊಬ್ಬ, ಚೀಲ ಕೈಯಿಂದ ಕೈಗೆ. ರಿಲೇ ಎಂದು ಈಗ ನಾವು ಸಡಗರದಿಂದ ಕರೆಯುವುದು ಅವರಿಗೆ ಹೊಟ್ಟೆಪಾಡು. ಹುಲಿ, ಆನೆ ಓಡಾಡುವ ಕಾಡಿನ ದಾರಿಯಾದರೆ ರಾತ್ರಿ ಹೊತ್ತು ಜೊತೆಗೆ ಪಂಜು ಹಿಡಿಯುವವರು, ತಮಟೆ ಬಡಿಯುವವರು. ಅವನು ಯಾವ ಹೊತ್ತಿಗೆ ಹೊರಟ, ಯಾವ ಹೊತ್ತಿಗೆ ಮುಟ್ಟಿದ ಎಂಬ ಲೆಕ್ಕ ಮೇಲಿನವರದು. ತಡವಾದರೆ ದಂಡ ಅವನಿಗೆ, ಬೇಗ ಮುಟ್ಟಿಸಿದರೆ ಲಾಭ ಕಾಗದ ಬರೆದವನಿಗೆ.

ಹುಲಿಯ ಮಾತು ಹಳೆಯದಾಯಿತು. ಆನೆಯದು ಆಗಿಲ್ಲ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಯ ಹಿಂಡುಗಳು ಜವಳಗಿರಿ, ತಳಿ, ದೆಂಕಣಿಕೋಟೆಯ ಕಾಡುಗಳ ಮೇಲಿಂದ ಇಳಿದು ಸಾನಮಾವಿನ ಕಾಡಿಗೆ ಬಂದು ಬಿಡಾರ ಹೂಡುತ್ತವೆ. ಅಕ್ಟೋಬರ್ ಕಳೆಯಿತೆಂದರೆ ಅರಣ್ಯ ಇಲಾಖೆಯವರ ಎಚ್ಚರಿಕೆ ಹಳ್ಳಿಹಳ್ಳಿಗೆ ಹೋಗುತ್ತದೆ, ಓಟದವರ ಗುಂಪಿಗೂ ಬಂದು ಬೀಳುತ್ತದೆ. ಬೆಂಗಳೂರಿನ ಓಟಗಾರ ಭಾನುವಾರದ ದಾರಿ ಗೊತ್ತುಮಾಡುವಾಗ ಟ್ರಾಫಿಕ್ಕು ನೋಡುತ್ತಾನೆ. ಹೊಸೂರಿನವನು ಆನೆ ಎಲ್ಲಿದೆ ಎಂದು ಕೇಳುತ್ತಾನೆ. ರಾಯಕೋಟೆ ರಸ್ತೆಯಲ್ಲಿ ಹದಿನೆಂಟು ಕಿಲೋಮೀಟರ್ ಎಂದು ಶುಕ್ರವಾರ ಬರೆದುಕೊಂಡದ್ದು, ಶನಿವಾರ ರಾತ್ರಿ ಒಂದು ಸಾಲಿನ ಸಂದೇಶದಿಂದ ರಾಮನಾಯಕನ ಕೆರೆಯ ಸುತ್ತ ಗಾಣದೆತ್ತಿನ ಪ್ರದಕ್ಷಿಣೆಯಾಗಿಬಿಡುತ್ತದೆ.

ಓಟಕ್ಕೆ ಊರು ಹೇಳಿ ಮಾಡಿಸಿದಂತಿದೆ, ಅದು ಬೇರೆ ಮಾತು. ಬೆಂಗಳೂರಿನಂತೆ ಘಟ್ಟದ ಮೇಲೆ ಕೂತದ್ದರಿಂದ ಬೆಳಗಿನ ತಂಪು ಧಾರಾಳ. ಏರು ಬೇಕೆಂದವರಿಗೆ ಚಂದ್ರಚೂಡೇಶ್ವರನ ಬೆಟ್ಟ, ಸಮತಟ್ಟು ಬೇಕೆಂದವರಿಗೆ ಮತ್ತಿಗಿರಿ ಫಾರಂ ಕಡೆಯ ರಸ್ತೆ, ನೀರು ನೋಡುತ್ತ ಓಡಬೇಕೆಂದವರಿಗೆ ದಕ್ಷಿಣ ಪಿನಾಕಿನಿಯ ಕೆಲವರಪಳ್ಳಿ ಅಣೆಕಟ್ಟು. ಶೂಲಗಿರಿ ದಾಟಿ ಕೃಷ್ಣಗಿರಿಯ ಕಡೆ ಇಳಿದರೆ ಸೆಕೆ ಎದುರಿಗೇ ಬಂದು ಕೈಹಿಡಿಯುತ್ತದೆ. ಅಲ್ಲಿನ ಓಟದವರು ಇವರಿಗಿಂತ ಅರ್ಧ ಗಂಟೆ ಮುಂಚೆ ಏಳುತ್ತಾರೆ, ಇವರನ್ನು "ಎ.ಸಿ. ಊರಿನವರು" ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಹೆಂಗಸರು ಜೋಡಿಯಾಗಿಯೇ ಹೊರಡುತ್ತಾರೆ, ಕತ್ತಲು ಹರಿಯುವವರೆಗೆ ಬೀದಿದೀಪವಿರುವ ಬೀದಿ ಬಿಟ್ಟು ಆಚೆ ಹೋಗುವುದಿಲ್ಲ. ಕೆಲಮಂಗಲದ ಕಡೆಯ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಯುವತಿಯರು. ಅವರನ್ನು ಹೊತ್ತ ಬಸ್ಸುಗಳು ಈ ಜೋಡಿಗಳನ್ನು ದಾಟುವಾಗ ಕಿಟಕಿಯಿಂದ ಕೈಗಳು ಹೊರಬಂದು ಬೀಸುತ್ತವೆ. ಗಂಡಸರು ಓಡುತ್ತಿದ್ದರೆ ಒಂದು ಕೈಯೂ ಹೊರಬರುವುದಿಲ್ಲ.

ಕೈಗಡಿಯಾರದ ಸಂಗತಿಗೆ ಬರಬೇಕು, ಯಾಕೆಂದರೆ ಹೊಸೂರಿನ ಓಟದ ಕತೆ ಅದಿಲ್ಲದೆ ಆಗುವುದಿಲ್ಲ. ಅದಕ್ಕೆ ಮೊದಲು ಬೆಳಗಾವಿಗೊಮ್ಮೆ ಹೋಗಿ ಬರೋಣ. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡುವ ಹಳ್ಳಿಯ ಹುಡುಗರನ್ನು ಕಂಡು ಬೆರಗಾದವರು ದೊರಾಬ್ಜಿ ಟಾಟಾ. ಇವರನ್ನು ಒಲಿಂಪಿಕ್ಸಿಗೆ ಕಳಿಸಬಹುದಲ್ಲ ಎಂಬ ಆಲೋಚನೆ ಅಲ್ಲಿ ಹುಟ್ಟಿ, 1920ರಲ್ಲಿ ಆಂಟ್‌ವರ್ಪಿಗೆ ತಂಡ ಹೊರಟಿತು. ಖರ್ಚಿನಲ್ಲಿ ಟಾಟಾ ಅವರದೂ ಪಾಲು. ಆ ತಂಡದಲ್ಲಿ ಬೆಳಗಾವಿಯ ಪಿ. ಡಿ. ಚೌಗುಲೆ ಇದ್ದರು. ಅವರು ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು, 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ. ಅದೂ ಆ ವರ್ಷದ ದಾರಿ ಈಗಿನ 42.195 ಕಿಲೋಮೀಟರ್ ಅಲ್ಲ, 42.75, ಒಲಿಂಪಿಕ್ಸಿನಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಇನ್ನೊಂದಿಲ್ಲ. ಇವತ್ತು ಹವ್ಯಾಸಿಯೊಬ್ಬ ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದನೆಂದರೆ ಗುಂಪಿನಲ್ಲಿ ಕೇಕು ಕತ್ತರಿಸುತ್ತಾರೆ. ಚೌಗುಲೆಯವರಿಗೆ ಜೆಲ್ಲೂ ಇರಲಿಲ್ಲ, ಜಿ.ಪಿ.ಎಸ್ಸೂ ಇರಲಿಲ್ಲ.

ಅದೇ ಟಾಟಾ ಮನೆತನದ ಸಂಸ್ಥೆ 1984ರಲ್ಲಿ ತಮಿಳುನಾಡು ಸರ್ಕಾರದ ಜೊತೆ ಸೇರಿ ಟೈಟಾನ್ ಕಂಪನಿ ಕಟ್ಟಿತು, ಕಾರ್ಖಾನೆ ಹೊಸೂರಿಗೆ ಬಂತು. ತಮಿಳುನಾಡಿನ ಹಳ್ಳಿಗಳಿಂದ ಆಗಷ್ಟೇ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ ತಂದು ಗಡಿಯಾರದ ಕೆಲಸ ಕಲಿಸಿದರು. ಹೊಲದಲ್ಲಿ ಹೊತ್ತು ನೋಡುತ್ತಿದ್ದವರ ಮಕ್ಕಳು ಸೆಕೆಂಡಿನ ಮುಳ್ಳನ್ನು ಚಿಮಟದಲ್ಲಿ ಹಿಡಿದು ಕೂರಿಸುವುದನ್ನು ಕಲಿತರು. ಅದಕ್ಕೂ ಮುಂಚೆಯೇ ಟಿವಿಎಸ್ ಮೊಪೆಡ್ಡು, ಅಶೋಕ್ ಲೇಲ್ಯಾಂಡ್ ಲಾರಿಗಳ ಕಾರ್ಖಾನೆಗಳು ಬಂದಿದ್ದವು. ಊರಿನ ದಿನ ಸೂರ್ಯನನ್ನು ಬಿಟ್ಟು ಸೈರನ್ನಿಗೆ ಕಟ್ಟಿಕೊಂಡಿತು. ಪಂಚಿಂಗ್ ಕಾರ್ಡು ಕಂಡವರಿಗೆ ಟಪ್ಪಾಲಿನವನ ಪಾಡು ಬಿಡಿಸಿ ಹೇಳಬೇಕಿಲ್ಲ: ಕೆಲಸ ನಮ್ಮದು, ಹೊತ್ತಿನ ಲೆಕ್ಕ ಬೇರೆಯವರದು.

ಹೀಗಿರುವ ಊರಿನ ಜನ ದಿನದ ಮೊದಲ ಒಂದೂವರೆ ಗಂಟೆಯನ್ನು ಯಾರ ಲೆಕ್ಕಕ್ಕೂ ಕೊಡದೆ ತಾವೇ ಇಟ್ಟುಕೊಂಡು, ಅದನ್ನು ಮತ್ತೆ ಸೆಕೆಂಡು ಸೆಕೆಂಡಾಗಿ ಅಳೆಯುತ್ತಾರಲ್ಲ, ಈ ಲೇಖಕನಿಗೆ ನಗು ಬರುವುದು ಅದಕ್ಕೇ. ಕಿಲೋಮೀಟರಿಗೆ ಆರು ನಿಮಿಷ ಹತ್ತು ಸೆಕೆಂಡು ಇದ್ದದ್ದು ಆರಕ್ಕೆ ಇಳಿಯಿತೆಂದು ಅವನೂ ಒಂದು ವಾರ ಹಿಗ್ಗಿದ್ದಾನೆ. ಉಳಿದ ಹತ್ತು ಸೆಕೆಂಡಿನಲ್ಲಿ ಏನು ಮಾಡುತ್ತೀರಿ ಎಂದು ಹೆಂಡತಿ ಕೇಳಿದ್ದಕ್ಕೆ ಉತ್ತರ ಹೊಳೆದಿಲ್ಲ.

ತಯಾರಿಯೆಂದರೆ ಗುಟ್ಟೇನೂ ಇಲ್ಲ. ವಾರದಲ್ಲಿ ಮೂರು ನಾಲ್ಕು ದಿನ ಮಾತಾಡುತ್ತ ಓಡಬಹುದಾದಷ್ಟು ನಿಧಾನ, ಒಂದು ದಿನ ಏದುಸಿರಿನ ಓಟ, ಭಾನುವಾರ ಲಾಂಗ್ ರನ್. ಹೊಸಬರು ತಪ್ಪುವುದು ನಿಧಾನದಲ್ಲೇ. ನಿಧಾನವಾಗಿ ಓಡಲು ಮರ್ಯಾದೆ ಅಡ್ಡ ಬರುತ್ತದೆ. ಮೈಯಲ್ಲಿ ಕೂಡಿಟ್ಟ ಹಿಟ್ಟಿನಂಶ ಸುಮಾರು ಮೂವತ್ತು ಕಿಲೋಮೀಟರಿನ ಹೊತ್ತಿಗೆ ತಳ ಕಾಣುತ್ತದೆ, ಕಾಲು ಸೀಸದಂತಾಗುತ್ತದೆ. ಅದಕ್ಕೆ ದುಬಾರಿ ಜೆಲ್ಲು ಪೊಟ್ಟಣಗಳಿವೆ. ಈ ಸೀಮೆಯವರು ಹಿಂದಿನ ರಾತ್ರಿ ಮುದ್ದೆ ನುಂಗಿ, ಓಡುವಾಗ ರಾಗಿ ಅಂಬಲಿ ನಂಬುತ್ತಾರೆ. ಅಂಬಲಿ ತಯಾರಾಗುವುದು ಹೀಗೆ: ರಾತ್ರಿಯೇ ಕಾಯಿಸಿ ಆರಿಸಿದ ಗಂಜಿಗೆ ಬೆಳಿಗ್ಗೆ ನೀರುಮಜ್ಜಿಗೆ, ಕಲ್ಲುಪ್ಪು, ಹಳೆಯ ನೀರಿನ ಬಾಟಲಿಯ ಬಾಯಲ್ಲಿ ತೂರುವಷ್ಟು ಸಣ್ಣಗೆ ಹೆಚ್ಚಿದ ಸಾಂಬಾರ್ ಈರುಳ್ಳಿ. ಬಾಟಲಿಯನ್ನು ದಾರಿಯ ಮೋರಿಕಟ್ಟೆಯ ಮರೆಯಲ್ಲಿಟ್ಟು ಮುಂದೆ ಓಡಬೇಕು, ವಾಪಸು ಬರುವಾಗ ಕುಡಿಯಬೇಕು. ಒಂದು ಸಲ ಅಲ್ಲಿ ಕುರಿ ಮೇಯಿಸುವ ತಾತ ಆರಾಮಾಗಿ ಕೂತು ಕೊನೆಯ ಗುಟುಕು ಮುಗಿಸುತ್ತಿದ್ದರು. "ಉಪ್ಪು ಸಾಲ್ದಪ್ಪ" ಎಂದರು. ಅಂದಿನಿಂದ ಚಿಟಿಕೆ ಉಪ್ಪು ಜಾಸ್ತಿ.

ಸ್ಪರ್ಧೆಗೆ ದಾರಿ ಎರಡು. ಹತ್ತಿರದ್ದು ಸರ್ಕಾರದ್ದು. 2023ರಲ್ಲಿ ತಮಿಳುನಾಡಿನ ಕ್ರೀಡಾ ಪ್ರಾಧಿಕಾರ ಅಣ್ಣಾದೊರೈ ಹುಟ್ಟುಹಬ್ಬದ ನೆನಪಿಗೆ ಜಿಲ್ಲೆಜಿಲ್ಲೆಯಲ್ಲೂ ಓಟ ಇಟ್ಟಿತು: ಇಪ್ಪತ್ತೈದರೊಳಗಿನ ಹುಡುಗರಿಗೆ 8 ಕಿಲೋಮೀಟರ್, ಅದಕ್ಕೆ ಮೇಲ್ಪಟ್ಟ ಗಂಡಸರಿಗೆ 10, ಹೆಂಗಸರಿಗೆ 5. ಮೊದಲ ಬಹುಮಾನ 5,000 ರೂಪಾಯಿ. ನಾಲ್ಕರಿಂದ ಹತ್ತರವರೆಗೆ ಬಂದವರಿಗೂ ತಲಾ 1,000. ಅದೇ ವರ್ಷ ನವೆಂಬರಿನಲ್ಲಿ ಎಲ್ಲ 38 ಜಿಲ್ಲೆಗಳಲ್ಲೂ 8 ಕಿಲೋಮೀಟರಿನ ನಡಿಗೆದಾರಿಗಳು ಬಂದವು. ಅದರ ಹಿಂದಿದ್ದ ಆರೋಗ್ಯ ಸಚಿವ ಮಾ. ಸುಬ್ರಮಣಿಯನ್ ಸ್ವತಃ ನೂರಕ್ಕೂ ಹೆಚ್ಚು ಹಾಫ್ ಮ್ಯಾರಥಾನ್ ಓಡಿದವರು. ಇಂಥ ಓಟಗಳಲ್ಲಿ ಪೊಲೀಸ್, ಸೈನ್ಯದ ಆಯ್ಕೆಗೆ ತಯಾರಾಗುವ ಹಳ್ಳಿ ಹುಡುಗರು ಬರುತ್ತಾರೆ, ಕೆಲವರು ಬರಿಗಾಲಿನಲ್ಲೇ. ಪೀಪಿ ಊದಿದ ಕ್ಷಣಕ್ಕೆ ಅವರ ಬೆನ್ನು ಕಾಣುತ್ತದೆ, ಆಮೇಲೆ ಅದೂ ಕಾಣುವುದಿಲ್ಲ. ಹತ್ತು ಸಾವಿರದ ಶೂ ತೊಟ್ಟವರು ಹಿಂದಿನಿಂದ ದೂಳಿನ ಅಧ್ಯಯನ ಮಾಡುತ್ತಾರೆ.

ದೂರದ್ದು ಬೆಂಗಳೂರು, ದೂರವೆಂದರೆ 40 ಕಿಲೋಮೀಟರ್. ಅಲ್ಲಿನ ವರ್ಲ್ಡ್ 10ಕೆ ಶುರುವಾದದ್ದು 2008ರಲ್ಲಿ. ಶುಲ್ಕ ಕಟ್ಟಬೇಕು, ಮೂರು ಗಂಟೆಗೆ ಎದ್ದು ಕಾರು ಹಂಚಿಕೊಂಡು ಅತ್ತಿಬೆಲೆ ದಾಟಬೇಕು. ಎದೆಗೆ ನಾಲ್ಕು ಸೇಫ್ಟಿ ಪಿನ್ನು ಚುಚ್ಚಿದ ನಂಬರಿನ ಬಿಬ್ಬು. ಬಿಬ್ಬಿನ ಹಿಂದೆ ಅಂಟಿಸಿದ, ಹೊತ್ತು ಗುರುತಿಸುವ ಬೆರಳಗಲದ ಚಿಪ್ಪು. ಸಾವಿರಾರು ಜನರ ಹಿಂದೆ ಸಿಕ್ಕಿ ಆರಂಭದ ಗೆರೆ ತಲುಪುವುದಕ್ಕೇ ಹತ್ತು ನಿಮಿಷವಾದರೂ ಚಿಂತೆಯಿಲ್ಲ: ನೆಲಕ್ಕೆ ಹಾಸಿದ ಚಾಪೆಯನ್ನು ತುಳಿದಾಗಲೇ ನಿಮ್ಮ ಲೆಕ್ಕ ಶುರು, ಕೊನೆಯ ಚಾಪೆ ತುಳಿದಾಗ ಮುಗಿತಾಯ. ಪಂಚಿಂಗ್ ಯಂತ್ರಕ್ಕೆ ಈ ದಯೆ ಇಲ್ಲ.

ಇನ್ನು ಮ್ಯಾರಥಾನಿಗೂ ಮೀರಿ ಓಡುವ ಅಲ್ಟ್ರಾದವರು. ಅವರ ವಿಷಯದಲ್ಲಿ ಈ ಲೇಖಕ ಕೈಮುಗಿದು ದೂರ ನಿಲ್ಲುತ್ತಾನೆ. 2018ರಲ್ಲಿ ತೈಪೆಯಲ್ಲಿ ನಡೆದ ಏಷ್ಯಾ-ಓಷಿಯಾನಿಯ ಚಾಂಪಿಯನ್‌ಶಿಪ್ಪಿನಲ್ಲಿ ಬೆಂಗಳೂರಿನ ಉಲ್ಲಾಸ್ ನಾರಾಯಣ 24 ಗಂಟೆಯಲ್ಲಿ 250 ಕಿಲೋಮೀಟರ್ ಓಡಿ ಕಂಚು ತಂದರು. 2022ರ ಜುಲೈಯಲ್ಲಿ ಅದೇ ಚಾಂಪಿಯನ್‌ಶಿಪ್ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಬಂತು. ಅಮರ್ ಸಿಂಗ್ ದೇವಂದ 258.418 ಕಿಲೋಮೀಟರ್ ಓಡಿದರು. ಭಾರತದ ಮೂವರು ಗಂಡಸರ ತಂಡ ಒಟ್ಟು 739.959 ಕಿಲೋಮೀಟರ್ ಕೂಡಿಸಿ ಚಿನ್ನ ಗೆದ್ದಿತು. ಹೊಸೂರಿನಿಂದ ಕೃಷ್ಣಗಿರಿಗೆ ಸುಮಾರು 50 ಕಿಲೋಮೀಟರ್. ಎರಡು ಸಲ ಹೋಗಿ ಬಂದು, ಮೂರನೆಯ ಸಲ ಹೋಗಿ ಅಲ್ಲೇ ಉಳಿದುಕೊಂಡರೆ ದೇವಂದರ ಒಂದು ದಿನದ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಅದೂ ಮಾವಿನ ತೋಪು, ಬೆಟ್ಟ, ಟೀ ಅಂಗಡಿ ಏನೂ ಕಾಣದೆ, ಒಂದೇ ಟ್ರ್ಯಾಕಿನ ಸುತ್ತ.

ಇದನ್ನೆಲ್ಲ ಗುಂಪಿನಲ್ಲಿ ಒಬ್ಬ ಲೆಕ್ಕ ಹಾಕಿ ಹೇಳಿದ ದಿನವೇ ಇನ್ನೊಬ್ಬ, ಪಾಲಿಹೌಸಿನ ಗುಲಾಬಿಯವನು, 50 ಕಿಲೋಮೀಟರಿನ ಓಟವೊಂದಕ್ಕೆ ಹೆಸರು ಕೊಟ್ಟು ಬಂದಿದ್ದ. ಕಟ್ಟಿದ ಶುಲ್ಕ ಎಷ್ಟೆಂದು ಮನೆಯಲ್ಲಿ ಅರ್ಧ ಮಾತ್ರ ಹೇಳಿದ್ದಾನಂತೆ. ಈಗ ಅವನ ತಯಾರಿಗೆ ಎಲ್ಲರೂ ಜೊತೆ ಕೊಡಬೇಕು, ಭಾನುವಾರ ಮೂವತ್ತು ಕಿಲೋಮೀಟರ್ ಎಂದು ತೀರ್ಮಾನ. ದೆಂಕಣಿಕೋಟೆ ರಸ್ತೆ ಎಂದು ಒಬ್ಬರು, ಅಲ್ಲಿ ಲಾರಿ ಜಾಸ್ತಿ ಎಂದು ಇನ್ನೊಬ್ಬರು. ರಾಯಕೋಟೆ ರಸ್ತೆ ಎಂದೊಡನೆ ಮೇಷ್ಟ್ರು ಅರಣ್ಯ ಇಲಾಖೆಯ ಸಂದೇಶ ಹಾಕಿದರು: ಹಿಂಡು ಸಾನಮಾವಿನಲ್ಲೇ ಇದೆ. ಹಾಗಾದರೆ ಕೆಲವರಪಳ್ಳಿ, ನಾಲ್ಕೂಕಾಲಿಗೆ ಹೊರಡುವುದು, ಅಂಬಲಿ ಈ ಲೇಖಕನದು. ಈರುಳ್ಳಿಯ ಬೆಲೆ ಏರಿದೆ, ಅದನ್ನು ಬ್ಯಾಂಕಿನವರು ತರಲಿ ಎಂದು ಅವನು ಬರೆದಿದ್ದಾನೆ. ಬ್ಯಾಂಕಿನವರಿಂದ ಇನ್ನೂ ಉತ್ತರ ಬಂದಿಲ್ಲ.