ಉಪ್ಪ ಹೇಳುತ್ತಿದ್ದ ‘ವಿಟಮಿನ್ ಕಡಿಮೆ’

ಉಪ್ಪಳದ ಹತ್ತಿರ ಉಪ್ಪನ ಜಿನಸು ಅಂಗಡಿ ಇದೆ. ಬಂದವರು ಮೊದಲು ಕೇಳುವುದು ಅಕ್ಕಿಯ ರೇಟು, ಆಮೇಲೆ ಮನೆಯ ಸುದ್ದಿ. 2016ರಲ್ಲಿ ಕೆಲವು ತಿಂಗಳು, ‘ಮಗ ಗಲ್ಫಿನಿಂದ ಬಂದನಂತೆ, ಹೊರಗೆ ಕಾಣುವುದೇ ಇಲ್ಲ’ ಎಂದವರಿಗೆಲ್ಲ ಉಪ್ಪನ ಬಳಿ ಒಂದೇ ಉತ್ತರ ಇತ್ತು: “ಅವನಿಗೆ ವಿಟಮಿನ್ ಕಡಿಮೆ ಅಂತೆ. ಮದ್ದು ಆಗ್ತಾ ಉಂಟು.”

ಅದು ಸುಳ್ಳಲ್ಲ. ರಿಪೋರ್ಟು ಈಗಲೂ ನನ್ನ ಫೈಲಿನಲ್ಲಿದೆ. ಡಿ ವಿಟಮಿನ್ 9. ಇಪ್ಪತ್ತಕ್ಕಿಂತ ಕೆಳಗೆ ಬಂದರೆ ಕೊರತೆ ಎನ್ನುತ್ತಾರೆ. ಬಿ12 ಕೂಡ 170, ಇನ್ನೂರು ಮುಟ್ಟಿರಲಿಲ್ಲ. ಆದರೆ ನನ್ನ ಕಾಯಿಲೆಯ ಹೆಸರು ಅದಲ್ಲ. ನನಗಿರುವುದು ಬೈಪೋಲಾರ್. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ದುಬೈಯಲ್ಲಿ ಚಿಲ್ಲರ್ ಮೇಂಟೆನೆನ್ಸ್ ಕೆಲಸದಲ್ಲಿದ್ದೆ. 2015ರಲ್ಲಿ ಒಮ್ಮೆ ಐದು ದಿನ ನಿದ್ದೆ ಇಲ್ಲ, ಸುಸ್ತೂ ಇಲ್ಲ. ಹೊಸ ಕಂಪ್ರೆಸರ್ ಒಂದರ ಡ್ರಾಯಿಂಗ್‌ಗಳಿಂದ ಎರಡು ನೋಟ್‌ಬುಕ್ ತುಂಬಿಸಿದೆ. ರಾತ್ರಿ ಎರಡು ಗಂಟೆಗೆ ಸೂಪರ್‌ವೈಸರಿಗೆ ಫೋನ್ ಮಾಡಿ ಪೇಟೆಂಟ್ ಬಗ್ಗೆ ಮಾತಾಡಿದೆ. ಕೈಯಲ್ಲಿದ್ದ ಹಣವನ್ನೆಲ್ಲ ಫೋನ್ ಖರೀದಿಗೆ ಸುರಿದೆ. ರೂಮಿನವರೇ ಹಣ ಒಟ್ಟು ಮಾಡಿ ಟಿಕೆಟ್ ತೆಗೆದು ಊರಿಗೆ ಹತ್ತಿಸಿದರು. ಊರಿಗೆ ಬಂದ ಮೇಲೆ ಎಲ್ಲ ತಲೆಕೆಳಗಾಯಿತು. ಎರಡು ತಿಂಗಳು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಉಮ್ಮ ದೃಷ್ಟಿ ಎಂದರು. ನೆರೆಯವರು ಯಾವ ಪದ ಬಳಸಿದರೆಂದು ನನಗೆ ಗೊತ್ತು. ‘ಪಿರಾಂದ್’ ಎಂಬ ಪದ ನಮ್ಮ ಬಾಯಲ್ಲಿ ಎಷ್ಟು ಸಲೀಸು!

ಮಂಗಳೂರಿನ ಮನೋವೈದ್ಯರು ಮೊದಲ ದಿನ ಹೆಸರು ಹೇಳಲಿಲ್ಲ, ಮೂರನೇ ಭೇಟಿಗೆ ಹೇಳಿದರು. ಲಿಥಿಯಮ್ ಬರೆದುಕೊಟ್ಟರು. ಮೊಬೈಲ್ ಬ್ಯಾಟರಿಯಲ್ಲಿರುವ ಅದೇ ಲಿಥಿಯಮ್. ಉನ್ಮಾದಕ್ಕೆ ಅದು ಮದ್ದಾಗುತ್ತದೆ ಎಂದು 1949ರಲ್ಲಿ ತೋರಿಸಿದವರು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್. ಮೂರ್ನಾಲ್ಕು ವಾರಗಳಲ್ಲಿ ನಾನು ಮನುಷ್ಯನಂತಾದೆ. ಬೆಳಿಗ್ಗೆ ಎದ್ದು ಅಂಗಡಿಯ ಶಟರ್ ಎತ್ತುವಷ್ಟು.

ಹೀಗಿರುವಾಗ ಸಂಬಂಧಿಕರೊಬ್ಬರು ‘ಫುಲ್ ಬಾಡಿ ಚೆಕಪ್’ ಮಾಡಿಸಿ ಎಂದರು. ಆಗ ಬಂದದ್ದೇ ಆ 9 ಮತ್ತು 170. ರಿಪೋರ್ಟು ಬಂದ ದಿನ ಮನೆಯಲ್ಲಿ ಹಬ್ಬದ ಹಾಗೆ. ಉಮ್ಮನ ಮುಖ ನೋಡಬೇಕಿತ್ತು. ವಿಟಮಿನ್ ಕಡಿಮೆ ಎಂದರೆ ಯಾರ ಮುಂದೆಯೂ ಹೇಳಬಹುದು. ತಂಗಿಯ ಮದುವೆ ಮಾತುಕತೆ ನಡೆಯುತ್ತಿತ್ತು, ಆ ಕಡೆಯವರಿಗೂ ಹೇಳಬಹುದು. ವಾರಕ್ಕೊಂದರಂತೆ ಎಂಟು ವಾರ ಅರವತ್ತು ಸಾವಿರ ಯೂನಿಟ್ಟಿನ ಡಿ ವಿಟಮಿನ್ ಪೊಟ್ಟಣ, ಜೊತೆಗೆ ಬಿ12 ಇಂಜೆಕ್ಷನ್. ‘ಹಾಗಾದರೆ ಆ ತಲೆಯ ಮಾತ್ರೆ ಯಾಕೆ?’ ಎಂದು ಒಬ್ಬರು ಕೇಳಿದರು. ಯಾರು ಎಂದು ಬರೆಯುವುದಿಲ್ಲ, ಯಾಕೆಂದರೆ ಅವರು ಕೇಳುವ ಮೊದಲೇ ನಾನೂ ಅದನ್ನೇ ಯೋಚಿಸಿದ್ದೆ. ಲಿಥಿಯಮ್ಮನ್ನು ಒಂದೇ ದಿನ ನಿಲ್ಲಿಸಿದೆ, ವೈದ್ಯರಿಗೆ ಹೇಳಲೇ ಇಲ್ಲ. ಹಾಗೆ ಒಮ್ಮೆಲೇ ನಿಲ್ಲಿಸಿದರೆ, ನಿಧಾನವಾಗಿ ಇಳಿಸುವುದಕ್ಕಿಂತ ಕಾಯಿಲೆ ಮರಳುವ ಅಪಾಯ ಹೆಚ್ಚು. ಅದು ತಿಳಿದದ್ದು ಆಮೇಲೆ.

ಡಿ ವಿಟಮಿನ್ ಮೂವತ್ತು ದಾಟಿತು. ಅದೇ ತಿಂಗಳು ನಾನು ರಾತ್ರಿ ಎರಡು ಗಂಟೆಗೆ ಅಂಗಡಿಯ ಶಟರಿಗೆ ಹಸಿರು ಬಣ್ಣ ಹಚ್ಚುತ್ತಿದ್ದೆ. ಉಪ್ಪನ ಹೆಸರಿನಲ್ಲಿ ಕಡಕ್ಕೆ ಎಂಬತ್ತು ಗೋಣಿ ಕುಚಲಕ್ಕಿ, ಮೂರು ಡೀಪ್ ಫ್ರೀಜರ್ ತರಿಸಿದೆ. ಸೂಪರ್ ಮಾರ್ಕೆಟ್ ಮಾಡುವ ಲೆಕ್ಕ! ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಫ್ರೀಜರ್ ವಾಪಸ್ ಹೋಯಿತು, ಅಕ್ಕಿಗೆ ಹುಳ ಹಿಡಿಯಿತು. ಉಮ್ಮನ ಕೈಯಲ್ಲಿದ್ದ ಎರಡು ಬಳೆ ಈಗ ಇಲ್ಲ. ಉಪ್ಪ ಈವರೆಗೆ ಆ ಲೆಕ್ಕವನ್ನು ನನ್ನೆದುರು ತೆಗೆದಿಲ್ಲ.

ಆಮೇಲೆ ವೈದ್ಯರು ಬಿಡಿಸಿ ಹೇಳಿದರು. ಬೈಪೋಲಾರ್ ಇರುವವರಲ್ಲಿ ಡಿ ವಿಟಮಿನ್ ಕಡಿಮೆ ಇರುವುದು ಸಾಮಾನ್ಯ. ಆದರೆ ನಮ್ಮ ದೇಶದಲ್ಲಿ ಆರೋಗ್ಯವಾಗಿ ತಿರುಗಾಡುವವರಲ್ಲೂ ಅದು ಸಾಮಾನ್ಯವೇ. ಎರಡು ತಿಂಗಳು ಕಿಟಕಿ ಮುಚ್ಚಿ ಮಲಗಿದವನಿಗೆ ಬಿಸಿಲು ಎಲ್ಲಿಂದ ಸಿಗಬೇಕು? ಅಂದರೆ ಕಾಯಿಲೆಯಿಂದ ಕೊರತೆ ಬಂದಿರಬಹುದು, ಕೊರತೆಯಿಂದಲೇ ಕಾಯಿಲೆ ಬಂತು ಎಂದು ಹೇಳಲಾಗದು. ಕೊರತೆಯನ್ನು ತುಂಬಬೇಕು, ಮೂಳೆಗೆ ಅದು ಬೇಕು. ಬಿ12 ತೀರಾ ಕಡಿಮೆಯಾದರೆ ಮನಸ್ಸೂ ಕೆಡಬಹುದು, ಹಾಗಾಗಿ ಪರೀಕ್ಷೆ ವ್ಯರ್ಥವಲ್ಲ. ಮೂಲ ಮದ್ದಿನ ಜಾಗದಲ್ಲಿ ಅದನ್ನು ಕೂರಿಸಿದ್ದು ನಮ್ಮ ತಪ್ಪು.

ವಿಟಮಿನ್ ತಾನೇ, ತಿಂದರೆ ಏನಾಗುತ್ತದೆ ಎಂಬ ಮಾತೂ ಪೂರ್ತಿ ಸರಿಯಲ್ಲವಂತೆ. ಬೈಪೋಲಾರ್ ಖಿನ್ನತೆಗೆ ಲ್ಯಾಮೊಟ್ರಿಜಿನ್ ಕೊಡುತ್ತಾರೆ. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ, ಅದರ ಜೊತೆ ಫೋಲಿಕ್ ಆ್ಯಸಿಡ್ ತೆಗೆದುಕೊಂಡವರಲ್ಲಿ ಆ ಮದ್ದಿನ ಲಾಭವೇ ಕಾಣದ ಹಾಗಾಯಿತು. ಫೋಲಿಕ್ ಆ್ಯಸಿಡ್ ಎಂದರೆ ಬಿ ಗುಂಪಿನ ಒಂದು ವಿಟಮಿನ್. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆಯೇ ಕೊಡುತ್ತಾರೆ.

ಇದು ಒಂದು ತಪ್ಪು. ಇದಕ್ಕೆ ಉಲ್ಟಾ ಇನ್ನೊಂದು ಆಯಿತು.

2018ರಲ್ಲಿ ಮದ್ದು ಸರಿಯಾಗಿ ತೆಗೆದುಕೊಳ್ಳುತ್ತಿದ್ದೆ. ಆದರೂ ಮಳೆಗಾಲ ಶುರುವಾದಾಗಿನಿಂದ ಮೈ ಭಾರ. ಎಂಟು ಕೆಜಿ ತೂಕ ಏರಿತು. ಉಳಿದವರು ಫ್ಯಾನ್ ಹಾಕಿದರೆ ನನಗೆ ಹೊದಿಕೆ ಬೇಕು. ಗಿರಾಕಿ ಎರಡು ಸಾಮಾನು ಹೇಳಿದರೆ ಒಂದು ಮರೆಯುತ್ತಿದ್ದೆ. ಈ ಸಲ ಯಾರೂ ವಿಟಮಿನ್ ಎನ್ನಲಿಲ್ಲ. ‘ಅವನ ಕಾಯಿಲೆಯೇ ಹಾಗೆ’ ಎಂದರು. ನಾನೂ ಹಾಗೇ ಅಂದುಕೊಂಡು ಮೂರು ತಿಂಗಳು ಕಳೆದೆ. ಒಮ್ಮೆ ಹಣೆಯಲ್ಲಿ ಆ ಹೆಸರು ಅಂಟಿತೆಂದರೆ ಹೊಟ್ಟೆನೋವು ಬಂದರೂ ಅದರ ಲೆಕ್ಕಕ್ಕೇ ಹೋಗುತ್ತದೆ.

ವೈದ್ಯರು ಮಾತ್ರ ನನ್ನ ಕೈ ಮುಟ್ಟಿ ನೋಡಿ ಟಿಎಸ್ಎಚ್ ಬರೆದರು. ನಾಲ್ಕರ ಆಸುಪಾಸಿನೊಳಗೆ ಇರಬೇಕಾದದ್ದು ನನಗೆ 23. ಥೈರಾಯ್ಡ್!

ಡಿಪ್ಲೊಮಾ ಓದಿದವನಿಗೆ ಇದು ಬೇಗ ಅರ್ಥವಾಯಿತು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಲಿಥಿಯಮ್ ಆ ಗ್ರಂಥಿಯಲ್ಲಿ ಸೇರಿಕೊಂಡು ಹಾರ್ಮೋನು ಹೊರಗೆ ಬರುವುದನ್ನು ತಡೆಯುತ್ತದೆ. ಅರ್ಧ ಮುಚ್ಚಿದ ವಾಲ್ವ್ ಇದ್ದ ಹಾಗೆ. ಮೆದುಳಿನ ಕೆಳಗಿರುವ ಪಿಟ್ಯುಟರಿ ‘ಸಾಲದು, ಇನ್ನೂ ಕಳಿಸು’ ಎಂದು ಒತ್ತಡ ಹೆಚ್ಚಿಸುತ್ತದೆ. ಆ ಒತ್ತಡವೇ ಟಿಎಸ್ಎಚ್. ಎಲ್ಲರಿಗೂ ಹೀಗಾಗುವುದಿಲ್ಲ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಹಾಗೆಂದು ಲಿಥಿಯಮ್ ನಿಲ್ಲಿಸಲಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಸೇರಿಸಿದರು. ಎರಡು ತಿಂಗಳಲ್ಲಿ ಹೊದಿಕೆ ಮಡಚಿಟ್ಟೆ. ಥೈರಾಯ್ಡ್ ಕೆಟ್ಟರೆ ಬೈಪೋಲಾರ್‌ನ ಏರಿಳಿತವೂ ಕೆಡುತ್ತದೆ, ಆದ್ದರಿಂದ ಆರು ತಿಂಗಳಿಗೊಮ್ಮೆ ನೋಡುವುದು.

ಜೊತೆಗೆ ಲಿಥಿಯಮ್ಮಿನ ಮಟ್ಟವನ್ನೂ ನೋಡಬೇಕು. ಹಿಂದಿನ ಮಾತ್ರೆ ತಿಂದು ಹನ್ನೆರಡು ಗಂಟೆಯ ನಂತರ ರಕ್ತ ಕೊಡಬೇಕು. ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಇಡುತ್ತಾರೆ. ಒಂದೂವರೆ ದಾಟಿದರೆ ವಿಷ: ಕೈ ನಡುಕ, ವಾಂತಿ, ತೊದಲು. ನಾವು ವರ್ಕ್‌ಶಾಪಿನಲ್ಲಿ ಟಾಲರೆನ್ಸ್ ಎನ್ನುವುದು ಇದನ್ನೇ, ಇಲ್ಲಿ ಅದು ಬಹಳ ಸಣ್ಣದು. ಕಿಡ್ನಿಗಾಗಿ ಕ್ರಿಯಾಟಿನಿನ್, ಮತ್ತೆ ಕ್ಯಾಲ್ಸಿಯಂ ಕೂಡ ನೋಡುತ್ತಾರೆ.

ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಣಕಾಲು ನೋವಿಗೆ ಉಪ್ಪ ನುಂಗುವ ಡೈಕ್ಲೊಫೆನಾಕ್ ನನಗೆ ಆಗದು, ಅದೂ ಮಟ್ಟ ಏರಿಸುತ್ತದೆ. ಹಾಗಾಗಿ ರಂಝಾನಿಗೆ ಒಂದು ತಿಂಗಳ ಮೊದಲೇ ವೈದ್ಯರ ಹತ್ತಿರ ಹೋಗುತ್ತೇನೆ. ಎರಡು ವರ್ಷ ಅವರು ಮಾತ್ರೆಯ ಹೊತ್ತು ಬದಲಿಸಿ, ನಡುವೆ ರಕ್ತ ನೋಡಿ ಉಪವಾಸ ಹಿಡಿಯಲು ಬಿಟ್ಟರು. ಕಳೆದ ವರ್ಷ ಬೇಡ ಎಂದರು. ನಾನು ಹಿಡಿಯಲಿಲ್ಲ, ಫಿದ್ಯ ಕೊಟ್ಟೆ. ರೋಗಿಗೆ ರಿಯಾಯಿತಿ ಇದೆ ಎಂದು ಎಲ್ಲರಿಗೂ ಗೊತ್ತು. ಸಕ್ಕರೆ ಕಾಯಿಲೆಯವರನ್ನು ಯಾರೂ ಪ್ರಶ್ನಿಸುವುದಿಲ್ಲ. ನನ್ನನ್ನು ಮಾತ್ರ ‘ನಿನಗೆ ಎಂತ ಕಾಯಿಲೆ, ಗಟ್ಟಿಮುಟ್ಟು ಇದ್ದೀಯಲ್ಲ’ ಎಂದು ಕೇಳಿದರು. ಉಪ್ಪ ಪಕ್ಕದಲ್ಲೇ ಗೋಣಿ ಬಿಚ್ಚುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲು ಅವರೇ ಹೇಳಿದರು: “ಬೈಪೋಲಾರ್. ಮಂಗಳೂರಿನ ಮದ್ದು ಉಂಟು.” ಮತ್ತೆ ಅಕ್ಕಿ ಅಳೆಯತೊಡಗಿದರು.

ಮೊನ್ನೆ ಮುಸ್ಸಂಜೆ ಅಂಗಡಿ ಖಾಲಿಯಾಗುವವರೆಗೆ ಕಾದು ಒಬ್ಬರು ತಾಯಿ ಬಂದರು. ಮಗಳಿಗೂ ಇದೇ ಕಾಯಿಲೆ, ಲಿಥಿಯಮ್ಮೇ. ಪರೀಕ್ಷೆಯಲ್ಲಿ ವಿಟಮಿನ್ ಕಡಿಮೆ ಬಂದಿದೆ, ‘ಇನ್ನು ಆ ದೊಡ್ಡ ಮಾತ್ರೆ ನಿಲ್ಲಿಸಬಹುದಲ್ಲ ಮೋನೆ?’ ಎಂದರು. ಆ ಕಣ್ಣಿನಲ್ಲಿದ್ದ ಆಸೆಯನ್ನು ನಾನು 2016ರಲ್ಲಿ ಉಮ್ಮನ ಕಣ್ಣಿನಲ್ಲಿ ನೋಡಿದ್ದೆ. ನಿಲ್ಲಿಸಬೇಡಿ, ಡಾಕ್ಟರನ್ನು ಕೇಳದೆ ಏನೂ ಮಾಡಬೇಡಿ ಎಂದೆ. ಬಿಲ್ಲಿನ ಹಿಂದೆ ಟಿಎಸ್ಎಚ್, ಲಿಥಿಯಮ್, ಕ್ರಿಯಾಟಿನಿನ್, ಕ್ಯಾಲ್ಸಿಯಂ ಎಂದು ಬರೆದು, ಇವನ್ನು ನೋಡಿದ್ದಾರಾ ಎಂದು ಕೇಳಿ ಎಂದು ಕೊಟ್ಟೆ. ಅವರು ಚೀಟಿಯನ್ನು ಮಡಚಿ, ಸಕ್ಕರೆ ಕಟ್ಟಿನ ಜೊತೆ ಚೀಲಕ್ಕೆ ಹಾಕಿಕೊಂಡರು.