ಉಪ್ಪು ಕಮ್ಮಿಯಾಗಿರಲಿಲ್ಲ

ಹೋದ ವರ್ಷ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಅತ್ತೆ ಭರಣಿಯಿಂದ ಒಂದು ಅಪ್ಪೆಮಿಡಿ ತೆಗೆದು ಕೈಗಿಟ್ಟು, "ತಿಂದು ನೋಡು ಅಪ್ಪಿ, ಉಪ್ಪು ಕಮ್ಮಿ ಆಗಿದ್ಯಾ?" ಅಂದರು. ಚೆನ್ನಾಗಿಯೇ ಇತ್ತು. ಹಾಗಂದರೂ ನಂಬಲಿಲ್ಲ. "ಹತ್ತು ದಿನ ಆಯ್ತು, ಒಂದೇ ಒಂದು ಆರ್ಡರ್ ಬಂದಿಲ್ಲ. ಹೋದ ಸಲದ್ದು ಯಾರಿಗೋ ಹಿಡಿಸಿಲ್ಲ, ನಾಲ್ಕು ಜನಕ್ಕೆ ಹೇಳಿದಾರೆ."

ಮೊಬೈಲ್ ತೆಗೆದು ಅವರ ವೆಬ್‌ಸೈಟ್ ಓಪನ್ ಮಾಡಿದೆ. 'ಈ ಖಾತೆಯನ್ನು ತಡೆಹಿಡಿಯಲಾಗಿದೆ' ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು. ಎದೆ ಧಸಕ್ಕೆಂದಿತು. ಯಾಕಂದ್ರೆ ಆ ಸೈಟ್ ಮಾಡಿಕೊಟ್ಟವನು ನಾನೇ. ಬಿ.ಇ. ಓದಿ, ಬೆಂಗಳೂರಲ್ಲಿ ಕೂತು ದೊಡ್ಡ ದೊಡ್ಡ ಕಂಪನಿಗಳ ಸರ್ವರ್ ಕಾಯುವ ನಾನೇ!

ಮೂರು ವರ್ಷದ ಹಿಂದೆ ಒಂದು ಭಾನುವಾರ, ತಿಂಗಳಿಗೆ 99 ರೂಪಾಯಿ ಅನ್ನೋ ಜಾಹೀರಾತು ನೋಡಿ 36 ತಿಂಗಳದ್ದು ಒಟ್ಟಿಗೇ ಕಟ್ಟಿದ್ದೆ. ಜಿಎಸ್‌ಟಿ ಸೇರಿ 4,200 ಚಿಲ್ಲರೆ. ಆಫೀಸಿನಲ್ಲಾದರೆ ಇಂಥದ್ದಕ್ಕೆ ಮೂರು ಮೀಟಿಂಗ್ ಮಾಡುವವನು, ಅತ್ತೆಯ ಅಂಗಡಿಗೆ ಹತ್ತು ನಿಮಿಷವೂ ಕೊಟ್ಟಿರಲಿಲ್ಲ. ಮುಂದಿನ ದರ ತಿಂಗಳಿಗೆ 349 ಅಂತ ಕೆಳಗೆ ಸಣ್ಣಕ್ಷರದಲ್ಲಿತ್ತು. ಅಂದರೆ ಮೂರು ವರ್ಷಕ್ಕೆ ಕೊಟ್ಟಿದ್ದಕ್ಕಿಂತ ಹೆಚ್ಚು ಈಗ ಒಂದೇ ವರ್ಷಕ್ಕೆ. ಅವಧಿ ಮುಗಿಯುತ್ತೆ ಅಂತ ಬಂದ ಮೇಲ್‌ಗಳೆಲ್ಲ ನಾನು ತೆರೆಯದ ಹಳೇ ಐಡಿಗೆ ಹೋಗಿದ್ದವು. ಕಾರ್ಡೂ ಎಕ್ಸ್‌ಪೈರ್ ಆಗಿತ್ತು. ಆರ್ಡರ್ ಬರುವ ಮೇಲ್ ಐಡಿ ಕೂಡ ಅದೇ ಹೋಸ್ಟಿಂಗ್‌ನಲ್ಲೇ ಇದ್ದಿದ್ದರಿಂದ ಸೈಟ್ ಜೊತೆ ಅದೂ ಮಲಗಿತ್ತು. ಸರಿಯಾಗಿ ಮಿಡಿ ಸೀಸನ್ನಿನಲ್ಲಿ.

"ಅತ್ತೆ, ಒಂದು ಫೋನ್ ಮಾಡಬಾರದಿತ್ತಾ?"

"ನೀ ಕೆಲಸದಲ್ಲಿರ್ತೀಯ. ಉಪ್ಪಿನಕಾಯಿ ವಿಷಯಕ್ಕೆ ಯಾಕೆ ತೊಂದ್ರೆ ಕೊಡೋದು ಅಂತ."

"ಸರ್ವರ್ ಪ್ರಾಬ್ಲಂ" ಅಂತ ಅಂದುಬಿಟ್ಟೆ. ಸುಳ್ಳಲ್ಲ, ಆದರೆ ನಿಜವೂ ಅಲ್ಲ.

ಅವತ್ತು ರಾತ್ರಿ ದುಡ್ಡು ಕಟ್ಟಿ ಸೈಟ್ ಎಬ್ಬಿಸಿ, ಇದ್ದಬದ್ದದ್ದೆಲ್ಲ ಬ್ಯಾಕಪ್ ತೆಗೆದುಕೊಂಡೆ. ಆಮೇಲೆ ಬೇರೆ ಹೋಸ್ಟಿಂಗ್ ಹುಡುಕಲು ಕೂತೆ, ಈ ಸಲ ಸರಿಯಾಗಿ. ನಿಮ್ಮ ಮನೆಯಲ್ಲೂ ಒಬ್ಬರು ಅತ್ತೆ ಇರಬಹುದು, ಅದಕ್ಕೇ ಹೇಳ್ತೀನಿ.

ಮೊದಲು ನೋಡಬೇಕಾದ್ದು ಮೊದಲ ವರ್ಷದ ದರ ಅಲ್ಲ, ರಿನೀವಲ್ ದರ. 'ಅನ್‌ಲಿಮಿಟೆಡ್' ಅನ್ನೋದನ್ನ ನಂಬಬೇಡಿ. ಎಷ್ಟು ಫೈಲ್, ಎಷ್ಟು ಪ್ರೊಸೆಸರ್ ಅನ್ನೋ ಮಿತಿ ಕರಾರಿನ ಒಳಗೆಲ್ಲೋ ಇರುತ್ತೆ. 99.9 ಶೇಕಡಾ ಅಪ್‌ಟೈಮ್ ಅಂದರೂ ತಿಂಗಳಿಗೆ 43 ನಿಮಿಷ ಬಾಗಿಲು ಹಾಕಿರಬಹುದು ಅಂತ ಲೆಕ್ಕ. ಎಸ್‌ಎಸ್‌ಎಲ್‌ಗೆ ಬೇರೆ ದುಡ್ಡು ಕೇಳಿದರೆ ಮುಂದಿನ ಅಂಗಡಿಗೆ ಹೋಗಿ. ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು ಪುಕ್ಕಟೆ ಕೊಡುತ್ತೆ. ಅದಿಲ್ಲದ ಸೈಟನ್ನು 2018ರಿಂದಲೇ ಕ್ರೋಮ್ 'ಸುರಕ್ಷಿತವಲ್ಲ' ಅಂತ ತೋರಿಸುತ್ತಿದೆ. ಗಿರಾಕಿಗಳು ಇಲ್ಲಿಯವರೇ ಆದರೆ ಸರ್ವರ್ ಮುಂಬೈಯಲ್ಲಿದ್ದರೆ ಒಳ್ಳೇದು, ಅಮೆರಿಕಕ್ಕೆ ಹೋಗಿ ಬರುವ ಹೊತ್ತು ಉಳಿಯುತ್ತೆ. ದುಡ್ಡು ಕಟ್ಟೋ ಮೊದಲು ರಾತ್ರಿ ಹತ್ತು ಗಂಟೆಗೆ ಅವರ ಸಪೋರ್ಟ್‌ಗೆ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಕೊಡೋದು ಮನುಷ್ಯನೋ, ಯಂತ್ರವೋ, ಗೊತ್ತಾಗುತ್ತೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಡೊಮೈನ್ ಬೇರೆ, ಹೋಸ್ಟಿಂಗ್ ಬೇರೆ. ಹೋಸ್ಟಿಂಗ್ ಬಾಡಿಗೆ ಮಳಿಗೆ, ಸರಿಬರದಿದ್ದರೆ ಖಾಲಿ ಮಾಡಬಹುದು. ಡೊಮೈನ್ ಪಹಣಿ ಇದ್ದ ಹಾಗೆ, ಯಾರ ಹೆಸರಲ್ಲಿದೆಯೋ ಅವರದ್ದು. ಅತ್ತೆಯ ಪಹಣಿ ನನ್ನ ಹೆಸರಲ್ಲಿತ್ತು! ಅದನ್ನು ಅವರ ಹೆಸರಿಗೆ, ಅವರದೇ ಮೇಲ್ ಮತ್ತು ಮೊಬೈಲ್ ನಂಬರಿಗೆ ಬದಲಾಯಿಸಿದೆ. ಡೊಮೈನ್, ಹೋಸ್ಟಿಂಗ್, ಆರ್ಡರ್ ಮೇಲ್ ಮೂರನ್ನೂ ಬೇರೆ ಬೇರೆ ಕಡೆ ಇಟ್ಟೆ. ವಾರಕ್ಕೊಂದು ಬ್ಯಾಕಪ್ ಹೋಸ್ಟಿಂಗ್‌ನವರ ಹತ್ತಿರವಲ್ಲದೆ ನನ್ನ ಹತ್ತಿರವೂ ಬರುವಂತೆ ಮಾಡಿದೆ. ಎಲ್ಲಾ ಭರಣಿಯನ್ನೂ ಒಂದೇ ಅಟ್ಟದ ಮೇಲೆ ಇಡಬಾರದು ಅಂತ ಅತ್ತೆಗೆ ಯಾರೂ ಹೇಳಿಕೊಡಬೇಕಿಲ್ಲ. ಹೇಳಬೇಕಾಗಿದ್ದು ನನಗೆ.

ಬೆಳಿಗ್ಗೆ ತಿಂಡಿ ಹೊತ್ತಿಗೆ ನಿಜ ಹೇಳಿದೆ. "ಅತ್ತೆ, ಉಪ್ಪಿನದ್ದಲ್ಲ, ನನ್ನದೇ ತಪ್ಪು. ದುಡ್ಡು ಕಟ್ಟೋದು ಮರೆತಿದ್ದೆ." ಬೈತಾರೆ ಅಂದುಕೊಂಡಿದ್ದೆ. ಅವರು ದೋಸೆ ಮಗುಚುತ್ತಾ, "ಹಾಗಾದ್ರೆ ಉಪ್ಪಿನಕಾಯಿ ಸರಿ ಇತ್ತಲ್ಲ?" ಅಂದರು. ಸರಿ ಇತ್ತು ಅಂದೆ. ಮುಖದಲ್ಲಿ ಎಷ್ಟು ನಿರಾಳ! ಹತ್ತು ದಿನ ಆ ಮನುಷ್ಯರು ತಮ್ಮ ಕೈಯನ್ನೇ ಅನುಮಾನಿಸಿಕೊಂಡು ಕೂತಿದ್ದರು. ಹೋದ ಆರ್ಡರ್‌ಗಳ ಲೆಕ್ಕವನ್ನಾದರೂ ಹಾಕಬಹುದು, ಇದನ್ನು ಹೇಗೆ ಹಾಕೋದು?

ಆಮೇಲೆ ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ತಂದರು. "ಮುಂದೆ ಯಾವತ್ತು ಕಟ್ಟಬೇಕು ಹೇಳು, ನಾನೇ ಬರೆದಿಟ್ಕೋತೀನಿ." ಈಗ ಹಾಲಿನ ಲೆಕ್ಕದ ಪಕ್ಕ ನೀಲಿ ಶಾಯಿಯಲ್ಲಿ 'ಹೋಸ್ಟಿಂಗ್' ಅಂತ ಬರೆದಿದೆ. ಈ ವರ್ಷ ನನಗೆ ರಿಮೈಂಡರ್ ಬರುವ ನಾಲ್ಕು ದಿನ ಮೊದಲೇ ಅತ್ತೆಯ ಫೋನ್ ಬಂತು.